ಅತ್ತಿಮಬ್ಬೆಯ ಸಾವಿರ ಪ್ರತಿ

(ಗದಗಿನಲ್ಲಿ ಕಾಲೇಜು ವಿದ್ಯಾರ್ಥಿಗಳೆದುರು ಮಾಡಿದ ಉಪನ್ಯಾಸ)

ಎಲ್ಲರಿಗೂ ಶರಣು.

ನನ್ನ ಗೆಳೆಯರೊಬ್ಬರು ನಿವೃತ್ತ ಮಾಸ್ತರರು. ಗುಡಿ, ಬಸದಿ ಅಂತ ತಿರುಗಿ ಫೋಟೊ ತೆಗೆಯೋದೇ ಅವರ ಹುಚ್ಚು. ಹೋದ ವರ್ಷ ಲಕ್ಕುಂಡಿಯ ಒಂದು ಜಿನಮೂರ್ತಿಯ ಚಿತ್ರವನ್ನು ನಾಲ್ಕು ಮಂದಿಗೆ ತೋರಿಸಲೆಂದು ಮೊಬೈಲಿನಿಂದ ಒಂದು ಸಾಮಾಜಿಕ ಜಾಲತಾಣಕ್ಕೆ ಹಾಕಿದರು. ಸಂಜೆಯೊಳಗೆ ಚಿತ್ರ ಮಾಯ. ಜಾಲತಾಣದ ಕಂಪನಿ ಕೊಟ್ಟ ಕಾರಣ: ನಗ್ನತೆ. ದಿಗಂಬರ ಮೂರ್ತಿಗೆ ಅರಿವೆ ಉಡಿಸಿ ತರಬೇಕಿತ್ತೇನೋ! ಮರುಪರಿಶೀಲನೆಗೆ ಕೇಳಿಕೊಂಡರೆ ಎರಡೇ ನಿಮಿಷಕ್ಕೆ ಉತ್ತರ ಬಂತು, ತೀರ್ಮಾನ ಬದಲಾಗದು ಅಂತ. "ಎರಡು ನಿಮಿಷದಾಗ ಯಾವ ಮನುಷ್ಯಾ ನೋಡಿರ್ತಾನ್ರೀ?" ಅಂತ ಮಾಸ್ತರರು ಇವತ್ತಿಗೂ ಕೇಳ್ತಾರೆ.

ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಬೇಂದ್ರೆಯವರು ‘ನರಬಲಿ’ ಕವಿತೆಗಾಗಿ ಹಿಂಡಲಗಾ ಜೈಲು ಕಂಡರು, ಆಮೇಲೆ ಧಾರವಾಡದ ಹತ್ತಿರದ ಮುಗದದಲ್ಲಿ ಸ್ಥಾನಬದ್ಧರಾಗಿದ್ದರು. ಅದು ಕ್ರೂರವೇ. ಆದರೆ ಅಲ್ಲಿ ಒಂದು ಸರಕಾರವಿತ್ತು, ಒಂದು ಆರೋಪವಿತ್ತು, ಜೈಲಿಗೊಂದು ಬಾಗಿಲಿತ್ತು. ಯಾರು ಬಾಯಿ ಮುಚ್ಚಿಸಿದರು ಅನ್ನುವುದು ಇಡೀ ಧಾರವಾಡಕ್ಕೆ ಗೊತ್ತಿತ್ತು. ನಮ್ಮ ಮಾಸ್ತರರಿಗೆ ಬೈಯಲಿಕ್ಕೂ ಒಬ್ಬ ಮನುಷ್ಯ ಸಿಗಲಿಲ್ಲ.

ಕಂಪನಿಯ ಮಾತು ಹೀಗಾದರೆ ಸರಕಾರದ್ದೇನು? ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟು 2015ರ ಮಾರ್ಚಿನಲ್ಲಿ ಕಿತ್ತುಹಾಕಿತು. ಪೋಸ್ಟು ಹಾಕಿದವರನ್ನು ಹಿಡಿದು ಒಳಗೆ ಹಾಕುತ್ತಿದ್ದ ಕಲಮು ಅದು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಅದೇ ತೀರ್ಪಿನಲ್ಲಿ 69ಎ ಉಳಿಯಿತು, ಅದರತ್ತ ಯಾರೂ ಅಷ್ಟಾಗಿ ನೋಡಲಿಲ್ಲ. ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ ಮುಂತಾದ ಕಾರಣಕ್ಕೆ ಅಂತರ್ಜಾಲದ ಬರಹವನ್ನು ತಡೆಯಲು ಕೇಂದ್ರ ಸರಕಾರಕ್ಕೆ ಅಧಿಕಾರ ಕೊಡುವ ಕಲಮು ಅದು. ಅದರಡಿ 2009ರಲ್ಲಿ ಮಾಡಿದ ನಿಯಮಗಳನ್ನು ಓದಿ. ನೋಟಿಸು ಕೊಡಬೇಕಾದದ್ದು ಬರೆದ ವ್ಯಕ್ತಿಗೆ ‘ಅಥವಾ’ ಅದನ್ನು ಇಟ್ಟುಕೊಂಡಿರುವ ಮಧ್ಯವರ್ತಿಗೆ. ಈ ‘ಅಥವಾ’ದಲ್ಲೇ ಎಲ್ಲಾ ಅದೆ. ಕಂಪನಿಗೆ ಕಾಗದ ಹೋದರೆ ನಿಮಗೆ ತಿಳಿಸುವ ಗೋಜೇ ಇಲ್ಲವೆಂದು ಅಧಿಕಾರಿ ವಾದಿಸಬಹುದು. ಹದಿನಾರನೆಯ ನಿಯಮ ಇನ್ನೂ ಮೇಲು: ದೂರು, ಕ್ರಮ ಎಲ್ಲವೂ ಗೋಪ್ಯ. ಆದೇಶ ಏನಿದೆ ಅಂತಲೇ ಕಾಣದಿದ್ದರೆ ಮೇಲ್ಮನವಿ ಹಾಕುವುದು ಯಾವುದರ ಮೇಲೆ?

ಅದೇ ಕಾಯ್ದೆಯ ಇನ್ನೊಂದು ಕಲಮು, 79ರಡಿ, ಬರಹ ತೆಗೆಯಿರಿ ಎಂಬ ನೋಟಿಸುಗಳನ್ನು ಕಂಪನಿಗಳಿಗೆ ಕಳಿಸಲು ಈಗ ‘ಸಹಯೋಗ್’ ಎಂಬ ಪೋರ್ಟಲ್ ಬಂದಿದೆ. ಅದನ್ನು ಪ್ರಶ್ನಿಸಿ ಎಕ್ಸ್ ಕಂಪನಿ ನಮ್ಮ ಹೈಕೋರ್ಟಿಗೆ ಹೋಯಿತು. 2025ರ ಸೆಪ್ಟೆಂಬರಿನಲ್ಲಿ ಅರ್ಜಿ ವಜಾ ಆಯಿತು. ಯಾರು ಸರಿ ಎಂಬ ಚರ್ಚೆಗೆ ಇಲ್ಲಿ ಹೊತ್ತಿಲ್ಲ. ನಾನು ಗಮನಿಸಿದ್ದು ಇಷ್ಟು: ಒಂದು ಕಡೆ ಸರಕಾರ, ಇನ್ನೊಂದು ಕಡೆ ಕಂಪನಿ. ಯಾವನ ಬರಹಕ್ಕಾಗಿ ಈ ಜಗಳವೋ ಅವನ ಸುಳಿವೇ ಇಲ್ಲ.

ಹಾಗಂತ ಏನನ್ನೂ ತೆಗೆಯಬಾರದು ಅನ್ನುವವನಲ್ಲ ನಾನು. 2018ರ ಜುಲೈಯಲ್ಲಿ ಬೀದರ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ವದಂತಿಗೆ ಒಬ್ಬ ಎಂಜಿನಿಯರ್ ಜನರ ಕೈಯಲ್ಲಿ ಸತ್ತ. ಅಂಥದ್ದನ್ನು ತಡೆಯಲೇಬೇಕು. ತಡೆದವನು ಹೆಸರು ಹೇಳಲಿ, ಕಾರಣ ಬರೆದುಕೊಡಲಿ.

ಸಂಸ್ಥೆಗಳ ವಿಷಯ ನಿಮಗೇ ಚೆನ್ನಾಗಿ ಗೊತ್ತು. ಹಾಸ್ಟೆಲ್ ಸಾರಿನ ಫೋಟೊ ಸ್ಟೇಟಸ್ಸಿಗೆ ಹಾಕಿದ ಹುಡುಗನನ್ನು ಕರೆದು "ತೆಗೀಪಾ, ಇಂಟರ್ನಲ್ ಮಾರ್ಕ್ಸ್ ಇನ್ನೂ ಹಾಕಿಲ್ಲ" ಅಂದದ್ದು ನಾನು ಕೇಳಿದ್ದೇನೆ. ನಗಬ್ಯಾಡ್ರಿ, ಇದಕ್ಕೆ ಯಾವ ಕಲಮೂ ಬೇಕಾಗಲಿಲ್ಲ.

ಮತ್ತೆ ಲಕ್ಕುಂಡಿಗೆ ಬರ್ತೀನಿ. ಅಲ್ಲಿಯ ಬ್ರಹ್ಮ ಜಿನಾಲಯ ಕಟ್ಟಿಸಿದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದಳು. ಅಚ್ಚಿನ ಯಂತ್ರವಿಲ್ಲದ ಕಾಲ. ಒಂದೊಂದು ತಾಳೆಗರಿಯನ್ನೂ ಕಂಟವೆಂಬ ಮೊನೆ ಲೇಖನಿಯಿಂದ ಕೊರೆಯಬೇಕು. ಅವಳ ಭಕ್ತಿಯ ಬಗ್ಗೆ ಬೇಕಾದಷ್ಟು ಕೇಳಿದ್ದೇವೆ. ನನಗೆ ಕಾಣುವುದು ಅವಳ ಜಾಣತನ. ಸಾವಿರ ಮನೆಯಲ್ಲಿರುವ ಪುಸ್ತಕ ಅಳಿಸಬೇಕಾದರೆ ಸಾವಿರ ಬಾಗಿಲು ಬಡಿಯಬೇಕು.

ಇದನ್ನು 2009ರ ಜುಲೈ ಜೊತೆ ಇಟ್ಟು ನೋಡಿ. ಅಮೆಜಾನ್ ಕಂಪನಿ ಜನ ದುಡ್ಡು ಕೊಟ್ಟು ಕೊಂಡಿದ್ದ ಜಾರ್ಜ್ ಆರ್ವೆಲ್ಲನ ಎರಡು ಪುಸ್ತಕಗಳನ್ನು ಅವರವರ ಕಿಂಡಲ್ ಎಂಬ ಇ-ಪುಸ್ತಕ ಓದುವ ಯಂತ್ರದಿಂದ ದೂರದಲ್ಲೇ ಕೂತು ಅಳಿಸಿತು. ಮಾರಿದವರಿಗೆ ಹಕ್ಕಿರಲಿಲ್ಲ ಎಂಬುದು ಕಾರಣ. ದುಡ್ಡು ವಾಪಸ್ಸು ಬಂತು, ಮುಖ್ಯಸ್ಥರು ಕ್ಷಮೆ ಕೇಳಿದರು. ಒಬ್ಬ ವಿದ್ಯಾರ್ಥಿ ಆ ಪುಸ್ತಕಕ್ಕೆ ಹಾಕಿಕೊಂಡಿದ್ದ ಟಿಪ್ಪಣಿ ಮಾತ್ರ ಅರ್ಥವಿಲ್ಲದ್ದಾಯಿತು. ಯಾರ ಮನೆಯ ಬಾಗಿಲೂ ಬಡಿಯಬೇಕಾಗಲಿಲ್ಲ, ನೋಡ್ರಿ.

ನಮ್ಮ ಹಾಡು, ಫೋಟೊ, ವಾದ, ಜಗಳ ಎಲ್ಲವನ್ನೂ ನಾವೀಗ ಇಂಥ ನಾಲ್ಕೈದು ಕಂಪನಿಗಳ ಮನೆಗಳಲ್ಲಿ ಇಟ್ಟಿದ್ದೇವೆ. ಬಾಡಿಗೆ ಕರಾರನ್ನೂ ಓದಿಲ್ಲ, ಕೆಳಗೆ ‘ಒಪ್ಪಿದೆ’ ಅಂತ ಒತ್ತಿದ್ದೇವೆ.

ಮಾಸ್ತರರು ಇಲ್ಲೇ ಹಿಂದಿನ ಸಾಲಿನಲ್ಲಿ ಕೂತಿದ್ದಾರೆ. ಅದೇ ಜಿನಮೂರ್ತಿಯ ಚಿತ್ರವನ್ನು ನಿನ್ನೆ ಪ್ರಿಂಟ್ ಹಾಕಿಸಿ ನೂರು ಪ್ರತಿ ತಂದಿದ್ದಾರೆ. ಬಾಗಿಲ ಹತ್ತಿರದ ಮೇಜಿನ ಮೇಲಿವೆ. ಹೋಗುವಾಗ ಒಂದೊಂದು ಒಯ್ಯಿರಿ.