ಏರಿದಷ್ಟೇ ಬೇಗ ಇಳಿಯಿತೇ?

ಕೇಳುಗರೆಲ್ಲರಿಗೂ ನಮಸ್ಕಾರ.

ಪೆಟ್ರೋಲ್ ಬೆಲೆ ನ್ಯಾಯವಾಗಿದೆಯಾ? ಡೀಸೆಲ್, ಅಡುಗೆ ಅನಿಲದ ಬೆಲೆ ನ್ಯಾಯವಾಗಿದೆಯಾ? ಇವತ್ತು ನನಗೆ ಕೊಟ್ಟಿರುವ ವಿಷಯ ಇದು. ಬಂಕಿನಲ್ಲಿ ನಿಂತು ಮೀಟರ್ ಓಡುವುದನ್ನೇ ನೋಡುವವರು, ತಿಂಗಳ ಕೊನೆಗೆ ಮನೆ ಖರ್ಚು ಕೂಡಿಸುವವರು, ಸರಕು ಗಾಡಿ ಓಡಿಸಿ ಸಂಸಾರ ನಡೆಸುವವರು, ನಿಮ್ಮನ್ನೆಲ್ಲ ಮನಸ್ಸಿನಲ್ಲಿ ಇಟ್ಟುಕೊಂಡೇ ಮಾತಾಡುತ್ತೇನೆ. ದೊಡ್ಡ ಸಿದ್ಧಾಂತ ಯಾವುದೂ ಬೇಡ.

"ಬೆಲೆ ಜಾಸ್ತಿ ಆಯ್ತು" ಅಂತ ಎಲ್ಲರೂ ಹೇಳುತ್ತೇವೆ. ಆದರೆ ಎಷ್ಟಿದ್ದರೆ ಜಾಸ್ತಿ? ಕೊಳ್ಳುವವರಿಗೆ ಯಾವತ್ತೂ ಜಾಸ್ತಿ, ಮಾರುವವರಿಗೆ ಯಾವತ್ತೂ ಕಮ್ಮಿ. ಈ ಜಗಳ ತೀರುವುದೇ ಇಲ್ಲ. ಆದ್ದರಿಂದ ನಾನು ಕೇಳುವ ಪ್ರಶ್ನೆ ಒಂದೇ. ಖರ್ಚು ಏರಿದಾಗ ಬೆಲೆ ಏರಿತು, ಸರಿ. ಖರ್ಚು ಇಳಿದಾಗ, ಏರಿದಷ್ಟೇ ಬೇಗ ಇಳಿಯಿತೇ? ಇಳಿದಿದ್ದರೆ ಆ ಬೆಲೆ ನ್ಯಾಯದ ಬೆಲೆ. ಇಳಿಯದಿದ್ದರೆ ಅನ್ಯಾಯ. ಇದಕ್ಕಿಂತ ಕಷ್ಟದ ಅಳತೆ ಬೇಕಿಲ್ಲ.

ಒಂದು ಲೀಟರ್ ಪೆಟ್ರೋಲಿನ ಬೆಲೆಯೊಳಗೆ ನಾಲ್ಕು ಜನ ಕೂತಿರುತ್ತಾರೆ. ಕಚ್ಚಾ ತೈಲ ಮಾರಿದವರು ಒಬ್ಬರು. ಅದನ್ನು ಶುದ್ಧ ಮಾಡಿ ಸಾಗಿಸಿದವರು ಇನ್ನೊಬ್ಬರು. ಬಂಕಿನವರು ಮತ್ತೊಬ್ಬರು. ಕೊನೆಗೆ ತೆರಿಗೆ ಹಾಕುವ ಸರ್ಕಾರ. ಯುರೋಪಿನ ಹಲವು ದೇಶಗಳಲ್ಲಿ ಪೆಟ್ರೋಲ್ ಬೆಲೆಯ ಸುಮಾರು ಅರ್ಧ ಭಾಗ ತೆರಿಗೆಯೇ. ಬೆಲೆ ಇಳಿಯಬೇಕಾದರೆ ಈ ನಾಲ್ವರೂ ದಾರಿ ಬಿಡಬೇಕು.

ಈಗ ನಿಮಗೆ ಒಂದು ದಿನದ ಕಥೆ ಹೇಳಲೇಬೇಕು. 2020ರ ಏಪ್ರಿಲ್ 20. ಕೊರೋನಾ ಕಾಲ. ರಸ್ತೆಯಲ್ಲಿ ಗಾಡಿ ಇಲ್ಲ, ಆಕಾಶದಲ್ಲಿ ವಿಮಾನ ಇಲ್ಲ. ಆದರೆ ಬಾವಿಗಳಿಂದ ಎಣ್ಣೆ ಬರುತ್ತಲೇ ಇತ್ತು. ಎಣ್ಣೆ ಬಾವಿಯನ್ನು ನಲ್ಲಿ ತಿರುಗಿಸಿದ ಹಾಗೆ ನಿಲ್ಲಿಸಲು ಆಗುವುದಿಲ್ಲ. ಸಾಲದ್ದಕ್ಕೆ ಅದರ ಹಿಂದಿನ ತಿಂಗಳು ರಷ್ಯಾಕ್ಕೂ ಸೌದಿ ಅರೇಬಿಯಾಕ್ಕೂ ಜಟಾಪಟಿ ನಡೆದು, ಮಾರುಕಟ್ಟೆಗೆ ಇನ್ನಷ್ಟು ಎಣ್ಣೆ ಸುರಿದಿತ್ತು.

ಅಮೆರಿಕದಲ್ಲಿ ಕಚ್ಚಾ ತೈಲವನ್ನು ಮುಂಗಡ ಕರಾರಿನ ಮೇಲೆ ಮಾರುತ್ತಾರೆ, ಅಂದರೆ ಮುಂದೆ ಕೊಡುವ ಎಣ್ಣೆಗೆ ಈಗಲೇ ಬೆಲೆ ಕಟ್ಟುತ್ತಾರೆ. ಒಂದು ಕರಾರು ಅಂದರೆ 1,000 ಬ್ಯಾರೆಲ್. ಒಂದು ಬ್ಯಾರೆಲ್ ಅಂದರೆ 159 ಲೀಟರ್. ಕರಾರಿನ ಅವಧಿ ಮುಗಿಯುವ ಹೊತ್ತಿಗೆ ಅದು ಯಾರ ಕೈಯಲ್ಲಿದೆಯೋ ಅವರು ಓಕ್ಲಹೋಮಾ ರಾಜ್ಯದ ಕುಶಿಂಗ್ ಎಂಬ ಊರಿನಲ್ಲಿ ಆ ಎಣ್ಣೆಯನ್ನು ನಿಜವಾಗಿಯೂ ತುಂಬಿಸಿಕೊಳ್ಳಬೇಕು. ಮೇ ತಿಂಗಳ ಕರಾರಿನ ಅವಧಿ ಮುಗಿಯಲು ಒಂದೇ ದಿನ ಉಳಿದಿತ್ತು. ಕೊಂಡವರಲ್ಲಿ ಬಹಳ ಜನ ಬರೀ ಕಾಗದದ ಮೇಲೆ ವ್ಯಾಪಾರ ಮಾಡುವವರು. ಅವರ ಹತ್ತಿರ ಒಂದು ಡ್ರಮ್ಮೂ ಇಲ್ಲ. 1,59,000 ಲೀಟರ್ ಎಣ್ಣೆ ಎಲ್ಲಿ ಇಡುತ್ತಾರೆ? ಕುಶಿಂಗ್‌ನಲ್ಲಿ ದೊಡ್ಡ ದೊಡ್ಡ ಟ್ಯಾಂಕುಗಳಿವೆ ನಿಜ. ಆದರೆ ಖಾಲಿ ಇದ್ದ ಜಾಗವನ್ನೂ ಬೇರೆಯವರು ಆಗಲೇ ಬಾಡಿಗೆಗೆ ಹಿಡಿದುಬಿಟ್ಟಿದ್ದರು.

ಆವತ್ತು ಬೆಲೆ ಬಿತ್ತು. ಹತ್ತು ಡಾಲರ್‌ಗೆ ಬಂತು, ಐದಕ್ಕೆ ಬಂತು, ಸೊನ್ನೆಗೆ ಬಂತು. ಸೊನ್ನೆಯಲ್ಲೂ ನಿಲ್ಲಲಿಲ್ಲ! ದಿನದ ಕೊನೆಗೆ ಬ್ಯಾರೆಲ್‌ಗೆ ಮೈನಸ್ 37 ಡಾಲರ್ 63 ಸೆಂಟ್. ಅಂದರೆ ಮಾರುವವನೇ ಕೈಯಿಂದ ದುಡ್ಡು ಕೊಟ್ಟು "ದಯವಿಟ್ಟು ತೆಗೆದುಕೊಂಡು ಹೋಗಿ" ಅನ್ನಬೇಕಾಯಿತು. ಒಂದು ಕರಾರು ಕೈ ಬಿಡಲು 37,630 ಡಾಲರ್ ಕೊಟ್ಟ ಲೆಕ್ಕ. ಆ ಕರಾರು ಹುಟ್ಟಿದಾಗಿನಿಂದ ಅಂಥ ಬೆಲೆ ಯಾರೂ ನೋಡಿರಲಿಲ್ಲ.

ಈ ಕಥೆ ಹೇಳಿದಾಗಲೆಲ್ಲ ಜನ ಕೇಳುವುದು ಒಂದೇ: ಹಾಗಾದರೆ ಬಂಕಿನಲ್ಲಿ ಪೆಟ್ರೋಲ್ ಯಾಕೆ ಪುಕ್ಕಟೆ ಸಿಗಲಿಲ್ಲ? ಒಳ್ಳೆಯ ಪ್ರಶ್ನೆ. ಆ ಬೆಲೆ ಒಂದು ಊರಿನ, ಒಂದು ತಿಂಗಳ ಕರಾರಿನ ಬೆಲೆ. ಅದೇ ದಿನ ಸಮುದ್ರದಾಚೆಯ ಬ್ರೆಂಟ್ ತೈಲ, ಅಂದರೆ ಜಗತ್ತಿನ ಬಹಳ ಕಡೆ ಬೆಲೆಗೆ ಅಳತೆಗೋಲಾಗಿರುವ ಯುರೋಪಿನ ಕಚ್ಚಾ ತೈಲ, 25 ಡಾಲರ್ ಆಸುಪಾಸಿನಲ್ಲಿತ್ತು. ಜೊತೆಗೆ ಶುದ್ಧ ಮಾಡುವ ಖರ್ಚು, ಸಾಗಣೆ, ತೆರಿಗೆ ಎಲ್ಲ ಹಾಗೇ ಇದ್ದವು. ಹಾಗಾಗಿ ಆ ಒಂದು ದಿನದ ಮಟ್ಟಿಗೆ ಬಂಕಿನವರನ್ನು ಬೈಯುವುದರಲ್ಲಿ ಅರ್ಥವಿಲ್ಲ.

ಆದರೆ ಮೈನಸ್ ಅಂಕಿ ನೋಡಿ ಎಲ್ಲರೂ ಬೆರಗಾಗಿ ಕೂತರು, ಅದರ ಪಕ್ಕದ ವಿಷಯ ಯಾರೂ ನೋಡಲಿಲ್ಲ. ನನಗೆ ಬೇಸರವಾಗುವುದು ಇಲ್ಲೇ. ಆ ವರ್ಷ ಜನವರಿಯಲ್ಲಿ ಬ್ರೆಂಟ್ ತೈಲ 60 ಡಾಲರ್ ಮೇಲಿತ್ತು. ಏಪ್ರಿಲ್ ಹೊತ್ತಿಗೆ ಅರ್ಧಕ್ಕಿಂತ ಕೆಳಗೆ ಬಂದಿತ್ತು. ಆಗ ಕೆಲವು ಸರ್ಕಾರಗಳು ಏನು ಮಾಡಿದವು ಗೊತ್ತೇ? ಲೀಟರ್ ಮೇಲಿನ ತೆರಿಗೆ ಏರಿಸಿದವು. ಕಚ್ಚಾ ತೈಲ ಅಗ್ಗವಾದ ಲಾಭ ಬಂಕಿನವರೆಗೆ ಬರಲೇ ಇಲ್ಲ, ನಡುದಾರಿಯಲ್ಲೇ ನಿಂತಿತು. ಎರಡು ವರ್ಷ ಕಳೆಯಿತು. 2022ರ ಮಾರ್ಚಿನಲ್ಲಿ, ಉಕ್ರೇನ್ ಯುದ್ಧ ಶುರುವಾದ ಮೇಲೆ, ಬ್ರೆಂಟ್ 120 ಡಾಲರ್ ದಾಟಿತು. ಎಷ್ಟೋ ದೇಶಗಳಲ್ಲಿ ಬಂಕಿನ ಬೋರ್ಡು ಕೆಲವೇ ದಿನಗಳಲ್ಲಿ ಬದಲಾಯಿತು. ಏರಿದಷ್ಟೇ ಬೇಗ ಇಳಿಯಿತೇ ಅಂತ ನಾನು ಪದೇ ಪದೇ ಕೇಳುವುದು ಇದಕ್ಕೇ.

ಇದು ಬರೀ ಹೊಟ್ಟೆಯುರಿಯ ಮಾತು ಅಂದುಕೊಳ್ಳಬೇಡಿ. 1991ರಲ್ಲಿ ರಾಬರ್ಟ್ ಬೇಕನ್ ಎಂಬ ಅರ್ಥಶಾಸ್ತ್ರಜ್ಞರು ಬ್ರಿಟನ್ನಿನ ಪೆಟ್ರೋಲ್ ಬೆಲೆಗಳನ್ನು ಕೂತು ಪರಿಶೀಲಿಸಿದರು. ಖರ್ಚು ಏರಿದಾಗ ಬೆಲೆ ರಾಕೆಟ್ಟಿನಂತೆ ಮೇಲೇರುತ್ತದೆ, ಖರ್ಚು ಇಳಿದಾಗ ಹಕ್ಕಿಯ ಪುಕ್ಕದಂತೆ ನಿಧಾನಕ್ಕೆ ಇಳಿಯುತ್ತದೆ ಅಂದರು. 1997ರಲ್ಲಿ ಅಮೆರಿಕದ ಮೂವರು ಅರ್ಥಶಾಸ್ತ್ರಜ್ಞರಿಗೂ ಅಲ್ಲಿ ಇದೇ ಕಂಡಿತು.

ಮಾರುವವರ ವಾದ ಕೇಳಿದ್ದೀರಿ. ಇಳಿಸಿ ಅಂದರೆ "ಹಳೇ ಸ್ಟಾಕು ಜಾಸ್ತಿ ಬೆಲೆಗೆ ತಂದಿದ್ದು, ಅದು ಮುಗಿಯಲಿ" ಅನ್ನುತ್ತಾರೆ. ಒಪ್ಪೋಣ. ಆದರೆ ಬೆಲೆ ಏರುವಾಗ ಟ್ಯಾಂಕಿನಲ್ಲಿ ಇದ್ದದ್ದೂ ಹಳೇ ಸ್ಟಾಕೇ ಅಲ್ವಾ? ಕಮ್ಮಿ ಬೆಲೆಗೆ ತಂದದ್ದು. ಅದು ಮುಗಿಯುವ ತನಕ ಯಾಕೆ ಕಾಯಲಿಲ್ಲ? ಒಂದೇ ನಿಯಮ ಎರಡು ಕಡೆಗೂ ಇರಲಿ. ನಾನು ಕೇಳುವುದು ಅಷ್ಟೇ.

ಜನ ಲಾಭ ಬೇಡ ಅನ್ನುವುದಿಲ್ಲ. 1986ರಲ್ಲಿ ಕಾಹ್ನೆಮನ್, ನೆಟ್ಶ್, ಥೇಲರ್ ಎಂಬ ಮೂವರು ಸಂಶೋಧಕರು ಒಂದು ಸಮೀಕ್ಷೆ ಪ್ರಕಟಿಸಿದರು. ಹಿಮ ಬಿದ್ದ ಮಾರನೆಯ ದಿನ ಅಂಗಡಿಯವನು 15 ಡಾಲರ್ ಇದ್ದ, ಹಿಮ ತೆಗೆಯುವ ಸಲಿಕೆಯನ್ನು 20 ಡಾಲರ್ ಮಾಡಿದರೆ ಹೇಗೆ ಅಂತ ಕೇಳಿದರು. ನೂರಕ್ಕೆ 82 ಮಂದಿ ಅನ್ಯಾಯ ಅಂದರು. ಆದರೆ ಅಂಗಡಿಯವನು ತಾನೇ ಜಾಸ್ತಿ ಕೊಟ್ಟು ತಂದಿದ್ದರೆ, ಅಷ್ಟನ್ನೇ ಏರಿಸುವುದು ತಪ್ಪಲ್ಲ ಅಂತ ಹೆಚ್ಚಿನವರು ಒಪ್ಪಿದರು. ಜನರಿಗೆ ನ್ಯಾಯ ಗೊತ್ತಿದೆ. ಅವರಿಗೆ ಲೆಕ್ಕ ತೋರಿಸಬೇಕು, ಅಷ್ಟೇ.

ನಿಯಮ ಮಾಡಲು ಆಗುವುದಿಲ್ಲವೇ? ಆಗುತ್ತದೆ. ಆಸ್ಟ್ರಿಯಾದಲ್ಲಿ 2011ರಲ್ಲಿ ಒಂದು ನಿಯಮ ತಂದರು: ಬಂಕಿನವರು ಬೆಲೆ ಏರಿಸುವುದಾದರೆ ದಿನಕ್ಕೆ ಒಂದೇ ಸಲ, ಮಧ್ಯಾಹ್ನ 12ಕ್ಕೆ. ಇಳಿಸುವುದು ಯಾವಾಗ ಬೇಕಾದರೂ ಸರಿ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ 2001ರಿಂದ ಫ್ಯುಯಲ್‌ವಾಚ್ ಅಂತ ಒಂದು ವ್ಯವಸ್ಥೆ ಬಂತು. ನಾಳಿನ ಬೆಲೆಯನ್ನು ಇವತ್ತೇ ತಿಳಿಸಬೇಕು, ಬೆಳಿಗ್ಗೆ 6ರಿಂದ 24 ಗಂಟೆ ಅದನ್ನು ಬದಲಿಸುವಂತಿಲ್ಲ. ಇವುಗಳ ಬಗ್ಗೆ ಇನ್ನೂ ಹೇಳಬೇಕಿತ್ತು, ಸಮಯ ಓಡುತ್ತಿದೆ.

ಇನ್ನೊಂದು ಮಾತು, ಇದು ನೇರವಾಗಿ ನಿಮಗೆ. ಬೆಲೆ ಏರುವಾಗ ನಾವೆಲ್ಲ ಎಲ್ಲಿ ಕಮ್ಮಿ ಅಂತ ಹುಡುಕುತ್ತೇವೆ. ಸ್ವಲ್ಪ ಇಳಿದ ತಕ್ಷಣ ನೆಮ್ಮದಿಯಾಗಿ ಹುಡುಕುವುದನ್ನು ಬಿಡುತ್ತೇವೆ. ಪುಕ್ಕ ನಿಧಾನವಾಗಿ ಇಳಿಯಲು ಇದೂ ಒಂದು ಕಾರಣ. ಆದ್ದರಿಂದ ಇಳಿಯುವಾಗಲೇ ಜಾಸ್ತಿ ಹುಡುಕಿ, ಜಾಸ್ತಿ ಕೇಳಿ. ಸಾಗಣೆ ಬಾಡಿಗೆಗೂ ಇದೇ ಮಾತು. ಡೀಸೆಲ್ ಏರಿತು ಅಂತ ಏರಿಸಿದ ಬಾಡಿಗೆಯನ್ನು ಡೀಸೆಲ್ ಇಳಿದ ದಿನ ಯಾರೂ ನೆನಪಿಸಿಕೊಳ್ಳುವುದಿಲ್ಲ. ನೀವು ನೆನಪಿಸಿ.

ಒಂದು ಹಾಳೆಯಲ್ಲಿ ವಾರಕ್ಕೊಮ್ಮೆ ಎರಡು ಅಂಕಿ ಬರೆದಿಡಿ: ಸುದ್ದಿಯಲ್ಲಿ ಬರುವ ಬ್ರೆಂಟ್ ಬೆಲೆ, ನೀವು ಕೊಟ್ಟ ಲೀಟರ್ ಬೆಲೆ. ಕೆಲವು ತಿಂಗಳಾದ ಮೇಲೆ ಆ ಹಾಳೆ ಹಿಡಿದು ಪ್ರಶ್ನೆ ಕೇಳಿ, ಬಂಕಿನವರನ್ನೂ, ನೀವು ಮತ ಹಾಕಿದವರನ್ನೂ. ನಮಸ್ಕಾರ.