ಗೊತ್ತಾಯ್ತಾ ಅಂತ ಕೇಳಬೇಡಿ

ಕೇಳುಗರಿಗೆ ನಮಸ್ಕಾರ. ಮಂಡ್ಯದಲ್ಲಿ ಔಷಧಿ ಅಂಗಡಿ ಇಟ್ಟುಕೊಂಡಿರುವವನು ನಾನು.

ಹೋದ ವರ್ಷ ಮದ್ದೂರು ಕಡೆಯ ಒಬ್ಬ ಅಜ್ಜಿ ಬಂದರು. ಎರಡು ತಿಂಗಳಿಂದ ಉಬ್ಬಸಕ್ಕೆ ಇನ್‌ಹೇಲರ್ ತಗೊಳ್ತಿದ್ದೀನಿ, ಒಂಚೂರೂ ಕಮ್ಮಿ ಆಗಿಲ್ಲ, ಇನ್ನೂ ಜೋರಾಗಿರೋದು ಕೊಡಪ್ಪ ಅಂದರು. ಹೇಗೆ ತಗೊಳ್ತೀರಿ, ತೋರಿಸಿ ಅಂದೆ. ಬಾಯಿಗಿಟ್ಟು ಒತ್ತಿದರು, ಉಸಿರು ಮಾತ್ರ ಒಳಗೆ ಎಳೆಯಲೇ ಇಲ್ಲ. ಔಷಧಿಯೆಲ್ಲ ನಾಲಿಗೆ ಮೇಲೆ. ಅದನ್ನು ಕೊಟ್ಟಿದ್ದವನು ನಾನೇ. ಆವತ್ತು ಗೊತ್ತಾಯ್ತಾ ಅಂತ ಕೇಳಿದ್ದೆ, ಹೂಂ ಅಂದಿದ್ದರು. ಹಿಂದೆ ನಾಲ್ಕು ಜನ ಕಾಯುತ್ತಿರುವಾಗ ಗೊತ್ತಾಗಲಿಲ್ಲ ಅಂತ ಯಾರು ತಾನೇ ಹೇಳ್ತಾರೆ?

ಚೆನ್ನಾಗಿ ಅಲ್ಲಾಡಿಸಿ, ಉಸಿರು ಪೂರ್ತಿ ಹೊರಗೆ ಬಿಟ್ಟು, ಇನ್‌ಹೇಲರ್ ಬಾಯನ್ನು ತುಟಿಯಲ್ಲಿ ಬಿಗಿಹಿಡಿದು, ನಿಧಾನವಾಗಿ ಎಳೆಯುತ್ತಲೇ ಒತ್ತಿ, ಹತ್ತು ಎಣಿಸುವವರೆಗೆ ಉಸಿರು ಹಿಡಿಯಬೇಕು. ಸ್ಟೀರಾಯ್ಡ್ ಇರುವುದಾದರೆ ಆಮೇಲೆ ಬಾಯಿ ಮುಕ್ಕಳಿಸಬೇಕು. ಇಷ್ಟು ಕಲಿಸೋಕೆ ಐದು ನಿಮಿಷ ಸಾಕು.

ಡಿ.ಫಾರ್ಮ, ಅಂದರೆ ಔಷಧಿ ಅಂಗಡಿ ಕೆಲಸಕ್ಕೆ ಬೇಕಾದ ಡಿಪ್ಲೊಮಾ, ಓದುವವರಿಗೆ 500 ಗಂಟೆ ಪ್ರಾಯೋಗಿಕ ತರಬೇತಿ ಇದೆ. ರೋಗಿಗೆ ತಿಳಿಸಿ ಹೇಳುವುದು ಫಾರ್ಮಸಿಸ್ಟ್ ಕೆಲಸ ಅಂತ 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮವೇ ಹೇಳುತ್ತದೆ. ಆದರೆ ನಾನು ಕಂಡಂತೆ ಆ ಗಂಟೆಗಳು ಜಾಸ್ತಿ ಹೋಗುವುದು ಯಾವ ಮಾತ್ರೆ ಯಾವ ಖಾನೆಯಲ್ಲಿದೆ ಅಂತ ಕಲಿಯೋಕೆ, ಬಿಲ್ ಹಾಕೋಕೆ. ಮೈಸೂರಲ್ಲಿ ಫಾರ್ಮ್.ಡಿ ಅನ್ನುವ ದೊಡ್ಡ ಕೋರ್ಸ್ ಓದುವ ಮಕ್ಕಳು ಡಾಕ್ಟರ ಜೊತೆ ವಾರ್ಡ್ ಸುತ್ತುತ್ತಾರೆ, ರೋಗಿಯ ಪಕ್ಕ ನಿಂತು ಕಲಿಯುತ್ತಾರೆ. ಒಳ್ಳೆಯದೇ. ಹಳ್ಳಿಯ ಅಂಗಡಿಯಲ್ಲಿ ನಿಂತಿರುವ ಹುಡುಗನಿಗೆ ಇದನ್ನು ಯಾರು ಕಲಿಸಬೇಕು?

ಚೀಟಿಯಲ್ಲಿ 1-0-1 ಅಂತಿರುತ್ತದೆ, ಬೆಳಿಗ್ಗೆ ಒಂದು, ಮಧ್ಯಾಹ್ನ ಬೇಡ, ರಾತ್ರಿ ಒಂದು ಅಂತ. ಆಲೆಮನೆಯಲ್ಲಿ ರಾತ್ರಿಯೆಲ್ಲ ಬೆಲ್ಲ ಕಾಯಿಸುವವರಿಗೆ ಬೆಳಿಗ್ಗೆ ಯಾವುದು, ರಾತ್ರಿ ಯಾವುದು? ಸಕ್ಕರೆ ಕಾಯಿಲೆಯ ಗ್ಲಿಮೆಪಿರೈಡ್ ಮಾತ್ರೆ ನುಂಗಿ ತಿಂಡಿ ತಿನ್ನದೆ ಮಲಗಿಬಿಟ್ಟರೆ ಶುಗರ್ ಅಪಾಯಕ್ಕೆ ಇಳಿಯಬಹುದು. ಹಾಗಾಗಿ ಮೊದಲು ಕೇಳಬೇಕಾದ್ದು, ನೀವು ಊಟ ಮಾಡೋದು ಎಷ್ಟು ಗಂಟೆಗೆ ಅಂತ. ಇನ್ಸುಲಿನ್ ಕೊಂಡವರನ್ನು, ಮನೆಯಲ್ಲಿ ಎಲ್ಲಿಡ್ತೀರಿ ಅಂತ ಕೇಳಬೇಕು. ಫ್ರೀಜರ್‌ನಲ್ಲಿ ಗಟ್ಟಿಯಾದದ್ದು ಕರಗಿದ ಮೇಲೂ ಪ್ರಯೋಜನಕ್ಕೆ ಬರಲ್ಲ. ಹೀಗೆ ಕೇಳುವುದು ಪುಸ್ತಕ ಓದಿದರೆ ಬರುವುದಿಲ್ಲ, ಒಬ್ಬರು ರೋಗಿಯಾಗಿ ಇನ್ನೊಬ್ಬರು ಅಂಗಡಿಯವರಾಗಿ ಮಾತಾಡಿ ಮಾತಾಡಿ ರೂಢಿಯಾಗಬೇಕು. ಕಾಲೇಜಿನವರು ತಿಂಗಳಿಗೊಂದು ಭಾನುವಾರ ತಾಲ್ಲೂಕಿಗೇ ಬಂದು ಇದನ್ನು ಮಾಡಿಸಲಿ, ನಾವು ಅಂಗಡಿಯವರು ಬಾಗಿಲು ಹಾಕಿಕೊಂಡಾದರೂ ಬರ್ತೀವಿ.

ಈಗ ನಮ್ಮ ಅಂಗಡಿಯಲ್ಲಿ ಒಂದು ಖಾಲಿ ಇನ್‌ಹೇಲರ್ ಇಟ್ಟಿದ್ದೇನೆ. ತರಬೇತಿಗೆ ಬಂದ ಹುಡುಗ ಮೊದಲ ವಾರ ಬಿಲ್ ಮುಟ್ಟುವ ಹಾಗಿಲ್ಲ, ಹೇಗೆ ಎಳೆಯಬೇಕು ಅಂತ ನನಗೇ ಕಲಿಸಬೇಕು. ಆ ಅಜ್ಜಿ ಈಗಲೂ ಬರ್ತಾರೆ. ಪ್ರತಿ ಸಲ ಅವನ ಮುಂದೆ ಒಮ್ಮೆ ಮಾಡಿ ತೋರಿಸಿಯೇ ಹೋಗ್ತಾರೆ.