ಪೆಡಲಿನ ಮೇಲೆ ಕಲಿತ ಜರ್ಮನ್

ಕೇಳುಗರಿಗೆಲ್ಲ ನಮಸ್ಕಾರ.

ನಾನು ಧಾರವಾಡದವಳು. 31 ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತಳಾದೆ. ಎರಡು ವರ್ಷದ ಕೆಳಗೆ ಮೊಣಕಾಲು ನೋವು ಶುರುವಾಯಿತು. ಡಾಕ್ಟರು ನೋಡಿ, "ಅಕ್ಕಾರ, ತೊಡೆಯ ಸ್ನಾಯು ಗಟ್ಟಿ ಆಗಬೇಕು. ಸೈಕಲ್ ತುಳೀರಿ. ಆದರ ರಸ್ತೆದಾಗ ಬ್ಯಾಡ, ಮನಿಯೊಳಗ ತುಳೀರಿ" ಅಂದರು. ಹಾಗಾಗಿ ನಮ್ಮ ಪಡಸಾಲೆಯ ಮೂಲೆಗೆ ಒಂದು ವ್ಯಾಯಾಮದ ಸೈಕಲ್ ಬಂತು. ಆಷಾಢದ ಜಿಟಿಜಿಟಿ ಮಳೆ ಹಿಡಿದರೆ ವಾರಗಟ್ಟಲೆ ಬಿಡದ ನಮ್ಮೂರಿಗೆ ಅದು ಒಳ್ಳೆಯ ಸಾಧನವೇ. ಆದರೆ ದಿನಾ 20 ನಿಮಿಷ ಎದುರಿನ ಗೋಡೆ ನೋಡುತ್ತ ತುಳಿಯುವುದಿದೆಯಲ್ಲ, ಮೊದಲ ವಾರದಲ್ಲೇ ಮನಸ್ಸು ಬೇಸತ್ತಿತು. ಕಾಲಿಗೆ ಕೆಲಸ ಇತ್ತು, ತಲೆಗೆ ಇರಲಿಲ್ಲ.

ಆಗ ನೆನಪಾದವಳು ನಮ್ಮ ಅವ್ವ. ನವಲಗುಂದ ತಾಲೂಕಿನ ಹಳ್ಳಿ ಅವಳದು. ಅಕ್ಷರ ಗೊತ್ತಿರಲಿಲ್ಲ. ಬೆಳಗಿನ ಜಾವ ಎದ್ದು ಜೋಳ ಬೀಸುವಾಗ ಮಾತ್ರ ಒಂದರ ಹಿಂದೊಂದು ತ್ರಿಪದಿ ಹೊರಡುತ್ತಿದ್ದವು, ಹಿಟ್ಟು ಮುಗಿದರೂ ಪದ ಮುಗಿಯುತ್ತಿರಲಿಲ್ಲ. ನಾನು ಕಾಲೇಜಿಗೆ ಹೋಗುತ್ತಿದ್ದಾಗ ಒಮ್ಮೆ ನೋಟ್‌ಬುಕ್ಕು ಹಿಡಿದು ಕುಳಿತು, "ಅವ್ವಾ, ಆ ಪದ ಹೇಳು, ಬರ್ಕೋತೀನಿ" ಅಂದೆ. ಎರಡು ಸಾಲು ಹೇಳಿ ತಡೆದು ನಿಂತಳು. "ಕಲ್ಲಿನ ಮುಂದ ಕುಂತ್ರ ಬರ್ತಾವ ನೋಡ, ಹಿಂಗ ಬರಂಗಿಲ್ಲ" ಅಂದಳು. ಆಮೇಲೆ ಎದುರಿಗೆ ಕಲ್ಲಿಲ್ಲದಿದ್ದರೂ ಗೂಟ ಹಿಡಿದವಳ ಹಾಗೆ ಬಲಗೈ ತಿರುಗಿಸತೊಡಗಿದಳು. ಮೂರನೆಯ ಸಾಲು ಬಂತು, ಮುಂದಿನ ಪದವೂ ಬಂತು. ಅವಳು ಆ ಪದಗಳನ್ನು ಕಲಿತದ್ದು ತಲೆಯಿಂದ ಅಲ್ಲ, ತೋಳಿನಿಂದ ಅಂತ ಆಗ ನನಗೆ ಹೊಳೆಯಲಿಲ್ಲ. ಸೈಕಲ್ ಮೇಲೆ ಕುಳಿತ ಎರಡನೆಯ ವಾರ ಹೊಳೆಯಿತು.

ಕಾಲು ತಿರುಗುತ್ತಿರುವಾಗ ನಾನೂ ಏನಾದರೂ ಕಲಿಯೋಣ ಅನಿಸಿತು. ಆರಿಸಿಕೊಂಡದ್ದು ಜರ್ಮನ್. ಯಾಕೆ ಜರ್ಮನ್ ಅಂತ ಕೇಳಿದವರಿಗೆಲ್ಲ ನಾನು ಹೇಳುವುದು ಒಂದೇ ಹೆಸರು, ಕಿಟೆಲ್. ನನ್ನ ವೃತ್ತಿಯುದ್ದಕ್ಕೂ ಮೇಜಿನ ಮೇಲೆ ಇದ್ದದ್ದು ಅವರ ನಿಘಂಟು. ಫರ್ಡಿನಾಂಡ್ ಕಿಟೆಲ್ 1832ರಲ್ಲಿ ಜರ್ಮನಿಯಲ್ಲಿ ಹುಟ್ಟಿ, 1853ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯ ಕೆಲಸಕ್ಕೆ ಇಲ್ಲಿಗೆ ಬಂದವರು. ಕೇಶಿರಾಜನ ಶಬ್ದಮಣಿದರ್ಪಣವನ್ನು, ನಾಗವರ್ಮನ ಛಂದೋಂಬುಧಿಯನ್ನು ಸಂಪಾದಿಸಿದರು. 1894ರಲ್ಲಿ ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು ಕೊಟ್ಟರು. ಅವರ ಹೆಸರಿನ ಕಾಲೇಜು ನಮ್ಮ ಧಾರವಾಡದಲ್ಲೇ ಇದೆ. ತಮ್ಮ ಭಾಷೆಯಲ್ಲಿ ಇಲ್ಲವೇ ಇಲ್ಲದ ನಮ್ಮ 'ಳ'ಕಾರಕ್ಕೆ ಆ ಮನುಷ್ಯ ನಾಲಿಗೆ ಮಡಚಿ ಎಷ್ಟು ದಿನ ತಿಣುಕಿರಬೇಕು! ಬಾಸೆಲ್ ಮಿಷನ್ನಿನವರು ಧಾರವಾಡದಲ್ಲಿ 1837ರಲ್ಲಿ, ಹುಬ್ಬಳ್ಳಿಯಲ್ಲಿ 1839ರಲ್ಲಿ, ಗದಗಿನ ಪಕ್ಕದ ಬೆಟಗೇರಿಯಲ್ಲಿ 1841ರಲ್ಲಿ ನೆಲೆ ಮಾಡಿದರು. ಇಲ್ಲಿಂದ ಅವರು ಕಳಿಸುತ್ತಿದ್ದ ವರದಿಗಳಲ್ಲಿ ಹೆಚ್ಚಿನವು ಜರ್ಮನ್ ಭಾಷೆಯವು. ನಮ್ಮ ಅಜ್ಜನ ಅಜ್ಜಂದಿರ ಕಾಲದ ಧಾರವಾಡದ ಮಳೆ, ಬರ, ಸಂತೆ, ಸಾಲೆ, ಎಲ್ಲವನ್ನೂ ಅವರು ತಮ್ಮ ಭಾಷೆಯಲ್ಲಿ ಬರೆದಿಟ್ಟಿದ್ದಾರೆ. ಅದನ್ನು ಯಾರದೋ ಅನುವಾದದಲ್ಲಿ ಅಲ್ಲ, ನಾನೇ ಓದಬೇಕು. ಇದು ನನ್ನ ಆಸೆ.

ಜರ್ಮನ್ ಕಲಿಯ ಹೊರಟವರಿಗೆ ಬಾಗಿಲಲ್ಲೇ ಎದುರಾಗುವುದು ಲಿಂಗ. ನಮ್ಮ ಕನ್ನಡದಲ್ಲಿ ಲಿಂಗ ಅರ್ಥವನ್ನು ಹಿಡಿದು ನಡೆಯುತ್ತದೆ. ಮನುಷ್ಯರನ್ನು, ದೇವರನ್ನು ಬಿಟ್ಟರೆ ಹೆಚ್ಚುಕಡಿಮೆ ಎಲ್ಲವೂ ನಪುಂಸಕ. ಮೇಜು ಎಂದೂ ಗಂಡಸಾಗುವುದಿಲ್ಲ. ಜರ್ಮನ್ನಿನಲ್ಲಿ ಆಗುತ್ತದೆ. ಪ್ರತಿ ನಾಮಪದವನ್ನೂ ಡೇರ್, ಡೀ, ಡಾಸ್ ಎಂಬ ಮೂರರಲ್ಲಿ ಒಂದರ ಜೊತೆಗೇ ಕಲಿಯಬೇಕು, ಪುಲ್ಲಿಂಗಕ್ಕೆ ಡೇರ್, ಸ್ತ್ರೀಲಿಂಗಕ್ಕೆ ಡೀ, ನಪುಂಸಕಕ್ಕೆ ಡಾಸ್. ಒಂದೇ ಅಡುಗೆಮನೆಯ ಒಂದೇ ಡಬ್ಬಿಯಲ್ಲಿ ಚಮಚ ಗಂಡು, ಫೋರ್ಕ್ ಹೆಣ್ಣು, ಚಾಕು ನಪುಂಸಕ: ಡೇರ್ ಲ್ಯೋಫೆಲ್, ಡೀ ಗಾಬೆಲ್, ಡಾಸ್ ಮೆಸ್ಸರ್. ಸೂರ್ಯ ಹೆಣ್ಣು, ಚಂದ್ರ ಗಂಡು. ಹುಡುಗಿ ಎಂಬ ಅರ್ಥದ 'ಮೇಡ್‌ಶೆನ್' ನಪುಂಸಕ, ಯಾಕೆಂದರೆ ಅದರ ಕೊನೆಯ 'ಶೆನ್' ಎಂಬುದು ಚಿಕ್ಕದು, ಮುದ್ದಾದದ್ದು ಎಂದು ತೋರಿಸುವ ಪ್ರತ್ಯಯ, ಆ ಪ್ರತ್ಯಯ ಹತ್ತಿದ್ದೆಲ್ಲ ನಪುಂಸಕ. ಮರಾಠಿ ಬಲ್ಲ ನಮ್ಮ ಹುಬ್ಬಳ್ಳಿ-ಧಾರವಾಡದ ಮಂದಿಗೆ ಇದು ಅಷ್ಟು ಹೊಸದಲ್ಲ, ಅಲ್ಲಿಯ ತೋ, ತೀ, ತೇ ಕೂಡ ಹೀಗೇ ಕಾಡುತ್ತವೆ. ಬರೀ ಪದ ಕಲಿತು ಲಿಂಗ ಮರೆತರೆ ವಾಕ್ಯ ಕಟ್ಟುವಾಗ ಪ್ರತಿ ಹೆಜ್ಜೆಗೂ ಎಡವುತ್ತೇವೆ.

ಇಲ್ಲಿ ಪೆಡಲು ನನ್ನ ಕೈ ಹಿಡಿಯಿತು. ಬಲಗಾಲು ಕೆಳಗೆ ಒತ್ತುವಾಗ ಡೇರ್, ಎಡಗಾಲು ಒತ್ತುವಾಗ ಲ್ಯೋಫೆಲ್. ಬಲಕ್ಕೆ ಡೀ, ಎಡಕ್ಕೆ ಗಾಬೆಲ್. ನಿಮಿಷಕ್ಕೆ 60 ಸುತ್ತು ತುಳಿದರೆ ಸೆಕೆಂಡಿಗೆ ಒಂದು ಜೋಡಿ ಆಗುತ್ತದೆ. ಗಟ್ಟಿಯಾಗಿ ಬಾಯಿಬಿಟ್ಟು ಹೇಳಬೇಕು, ಮನಸ್ಸಿನಲ್ಲಿ ಅಂದುಕೊಂಡರೆ ಹತ್ತುವುದಿಲ್ಲ. ಒಂದೊಂದು ಜೋಡಿಯನ್ನು ಹತ್ತು ಹನ್ನೆರಡು ಸುತ್ತು ಹೇಳಿ ಮುಂದಿನದಕ್ಕೆ ಹೋಗುತ್ತೇನೆ. ನಾಲ್ಕು ದಿನ ಆದ ಮೇಲೆ ಲ್ಯೋಫೆಲ್ ಅಂತ ಬರೀ ಕೇಳಿದರೂ ಅದರ ಹಿಂದಿನ ಡೇರ್ ತಾನೇ ಎದ್ದು ಬರುತ್ತದೆ, ತ್ರಿಪದಿಯ ಒಂದು ಸಾಲಿನ ಹಿಂದೆ ಇನ್ನೊಂದು ಬಂದ ಹಾಗೆ.

ಗೋಡೆ ನೋಡುವ ಬೇಸರಕ್ಕೂ ಒಂದು ಉಪಾಯ ಸಿಕ್ಕಿತು. ಸೈಕಲ್ಲಿನ ಮೀಟರಿನಲ್ಲಿ 20 ನಿಮಿಷಕ್ಕೆ ಸುಮಾರು 5 ಕಿಲೋಮೀಟರ್ ಆಗುತ್ತದೆ. ನಮ್ಮ ಜ್ಯೂಬಿಲಿ ಸರ್ಕಲ್ಲಿನಿಂದ ಹುಬ್ಬಳ್ಳಿಗೆ ಹತ್ತಿರಹತ್ತಿರ 20 ಕಿಲೋಮೀಟರ್. ನಾಲ್ಕು ದಿನಕ್ಕೆ ನಾನು ಹುಬ್ಬಳ್ಳಿ ಮುಟ್ಟುತ್ತೇನೆ. ಕಣ್ಣು ಮುಚ್ಚಿದರೆ ಚಿಗರಿ ಬಸ್ಸಿನ ದಾರಿ: ಟೋಲ್‌ನಾಕಾ, ನವಲೂರು, ಸತ್ತೂರು, ರಾಯಾಪುರ, ನವನಗರ, ಉಣಕಲ್. ಆಯಾ ನಿಲ್ದಾಣದಲ್ಲಿ ಆಯಾ ಪದಗಳನ್ನು ಇಳಿಸುತ್ತ ಹೋದೆ. ಪೇರಲಕ್ಕೆ ಹೆಸರಾದ ನವಲೂರಿನಲ್ಲಿ ಹಣ್ಣುಗಳೆಲ್ಲ ಇಳಿದವು, ಡೀ ಗುವಾವೆ ಅಂದರೆ ಪೇರಲ. ಉಣಕಲ್ ಕೆರೆಯ ದಂಡೆಗೆ ಬಂದಾಗ ಡೇರ್ ಜೇ. ಇದರಲ್ಲೊಂದು ಸ್ವಾರಸ್ಯವಿದೆ. ಡೇರ್ ಜೇ ಅಂದರೆ ಕೆರೆ, ಸರೋವರ. ಅದೇ ಪದಕ್ಕೆ ಡೀ ಹಚ್ಚಿ ಡೀ ಜೇ ಅಂದರೆ ಸಮುದ್ರ! ಲಿಂಗ ತಪ್ಪಿದರೆ ಉಣಕಲ್ ಕೆರೆ ಅರಬ್ಬೀ ಸಮುದ್ರ ಆಗಿಬಿಡುತ್ತದೆ. ನಾನು ಈಗ ನಿಜವಾದ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗುವಾಗಲೂ ಆ ಪದಗಳು ಕಿಟಕಿಯ ಹೊರಗೆ ನಿಂತು ಕಾಯುತ್ತಿರುತ್ತವೆ.

ಪದದ ಚೀಟಿಗಳನ್ನು ಇಡುವುದಕ್ಕೆ ಪೇಡೆಯ ಖಾಲಿ ಡಬ್ಬಿ ಐದು ಇಟ್ಟುಕೊಂಡಿದ್ದೇನೆ. ಸೆಬಾಸ್ಟಿಯನ್ ಲೈಟ್ನರ್ ಎಂಬವರು 1972ರಲ್ಲಿ ತಿಳಿಸಿದ ಪದ್ಧತಿ ಇದು. ಹೊಸ ಚೀಟಿ ಮೊದಲ ಡಬ್ಬಿಗೆ. ಸರಿ ಹೇಳಿದರೆ ಮುಂದಿನ ಡಬ್ಬಿಗೆ ದಾಟುತ್ತದೆ, ತಪ್ಪಿದರೆ ಎಲ್ಲಿದ್ದರೂ ಮತ್ತೆ ಮೊದಲಿಗೇ. ಮೊದಲ ಡಬ್ಬಿಯನ್ನು ದಿನಾ ತೆರೆಯುತ್ತೇನೆ, ಐದನೆಯದನ್ನು ತಿಂಗಳಿಗೊಮ್ಮೆ. ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಅವತ್ತಿನ ಚೀಟಿಗಳನ್ನು ಹ್ಯಾಂಡಲಿಗೆ ಸಿಕ್ಕಿಸಿಕೊಂಡರೆ ಆಯಿತು.

ಇದೆಲ್ಲ ನನ್ನೊಬ್ಬಳ ಕಲ್ಪನೆ ಇರಬಹುದೇ ಅಂತ ಅನುಮಾನವೂ ಇತ್ತು. ಆಮೇಲೆ ಓದಿ ತಿಳಿದೆ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇಂಗ್ಲಿಷ್ ಕಲಿಯುವ ಚೀನಾದ 40 ಕಾಲೇಜು ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಿದ್ದರು. ಒಂದು ಗುಂಪು ಕುಳಿತು ಪದ ಕಲಿಯಿತು, ಇನ್ನೊಂದು ಇಂಥದೇ ಸೈಕಲ್ ತುಳಿಯುತ್ತ ಕಲಿಯಿತು. ತುಳಿದವರು ಪದಗಳನ್ನು ಹೆಚ್ಚು ಚೆನ್ನಾಗಿ ಕಲಿತರು, ಪಾಠ ನಿಂತ ಒಂದು ತಿಂಗಳ ಮೇಲೂ ಅವರ ನೆನಪು ಉಳಿದಿತ್ತು. ಅದಕ್ಕೂ ಮುಂಚೆ 2013ರಲ್ಲಿ ಜರ್ಮನಿಯ ಸಂಶೋಧಕರು ತರುಣಿಯರ ಮೇಲೆ ಮಾಡಿದ ಅಧ್ಯಯನ ಒಂದಿದೆ. ಅಲ್ಲೂ ಪದ ಕಲಿಯುತ್ತಿರುವಾಗಲೇ ಹಗುರಾಗಿ ಸೈಕಲ್ ತುಳಿದವರು ಸುಮ್ಮನೆ ಕುಳಿತವರಿಗಿಂತ ಮುಂದಿದ್ದರು. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರೊಳಗಿನ ಇನ್ನೊಂದು ಮಾತು. ಈ ಲಾಭ ಹೆಚ್ಚಾಗಿ ಕಂಡದ್ದು ಮೊದಲು ಹಿಂದೆ ಬಿದ್ದವರಲ್ಲಿ.

ಅದನ್ನು ಓದಿದ ದಿನ ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. 31 ವರ್ಷ ನಾನು ಮಕ್ಕಳಿಗೆ ಹೇಳಿದ್ದು "ಕೈ ಕಟ್ಟಿ ಸುಮ್ಮನೆ ಕೂಡ್ರಿ" ಅಂತ. ಒಬ್ಬ ಹುಡುಗ ಇದ್ದ, ಕುಳಿತರೆ ಒಂದು ಪದ್ಯವೂ ಅವನಿಗೆ ಬರುತ್ತಿರಲಿಲ್ಲ. ಹೊರಗೆ ವರಾಂಡದಲ್ಲಿ ಅತ್ತಿಂದಿತ್ತ ನಡೆಯುತ್ತ ಬಾಯಿಪಾಠ ಮಾಡುತ್ತಿದ್ದ. ಅದನ್ನು ನಾನು ಅಶಿಸ್ತು ಅಂದೆ. ಕರೆದು ಮುಂದಿನ ಬೆಂಚಿನಲ್ಲಿ ಕೂಡ್ರಿಸಿದೆ. ಅವನು ಮೈ ತೂಗಿದರೆ ಹೆಗಲ ಮೇಲೆ ಕೈಯಿಟ್ಟು ನಿಲ್ಲಿಸಿದೆ. ಆ ವರ್ಷ ಕನ್ನಡದಲ್ಲಿ ಅವನು ತೇರ್ಗಡೆಯಾಗಲಿಲ್ಲ. ಅವನಿಗೆ ದಾರಿ ಗೊತ್ತಿತ್ತು, ನಾನು ಬಾಗಿಲು ಹಾಕಿದೆ. ಈ ಮಾತನ್ನು ಇಂದು ಬಾನುಲಿಯಲ್ಲಿ ಹೇಳುವುದು ನನ್ನ ಕರ್ತವ್ಯ ಅಂತ ತಿಳಿದಿದ್ದೇನೆ. ಶಿಕ್ಷಕರು ಯಾರಾದರೂ ಕೇಳುತ್ತಿದ್ದರೆ, ನಡೆಯುತ್ತ ಓದುವ ಮಗುವನ್ನು ದಯವಿಟ್ಟು ನಡೆಯಲು ಬಿಡಿ. ತಾಯಂದಿರೇ, ಮಗ್ಗಿ ಹೇಳುವಾಗ ಮಗಳು ಜೋಕಾಲಿ ಜೀಕುತ್ತಿದ್ದರೆ ಜೀಕಲಿ.

ಸೈಕಲ್ ಮೇಲೆ ಎಲ್ಲವೂ ಬರುತ್ತದೆ ಅಂತ ಮಾತ್ರ ನಾನು ಹೇಳುವುದಿಲ್ಲ. ಪದ ಬರುತ್ತದೆ, ಕಿವಿ ಹದವಾಗುತ್ತದೆ. ಜರ್ಮನಿಯ ಬಾನುಲಿ ಸಂಸ್ಥೆ ಡಾಯ್ಚ ವೆಲೆಯ ಪಾಠಗಳು ಮೊಬೈಲಿನಲ್ಲಿ ಉಚಿತವಾಗಿ ಸಿಗುತ್ತವೆ, ಅವನ್ನು ಕೇಳುತ್ತ, ಕೇಳಿದ್ದನ್ನು ತಿರುಗಿ ಹೇಳುತ್ತ ತುಳಿಯಬಹುದು. ಉಚ್ಚಾರವನ್ನೂ ಅಲ್ಲೇ ತಿದ್ದಿಕೊಂಡೆ. ಅವರ ಒಂದು ಸ್ವರ ನಮ್ಮಲ್ಲಿಲ್ಲ, ನಾಲಿಗೆಯನ್ನು 'ಈ' ಎಂದು ಇಟ್ಟು ತುಟಿಯನ್ನು 'ಊ' ಎಂದು ದುಂಡಗೆ ಮಾಡಿದರೆ ಅದು ಬರುತ್ತದೆ. ವ್ಯಾಕರಣಕ್ಕೆ ಮಾತ್ರ ಇಳಿದು ಬಂದು ಮೇಜಿನ ಮುಂದೆ ಪೆನ್ಸಿಲು ಹಿಡಿಯಬೇಕು. ಅಲ್ಲಿ ಕನ್ನಡದವರಿಗೆ ಒಂದು ಸಂತೋಷ ಕಾದಿದೆ. 'ಯಾಕೆಂದರೆ', 'ಎಂದು' ಎಂಬ ಅರ್ಥದ ಪದಗಳಿಂದ ಶುರುವಾಗುವ ಉಪವಾಕ್ಯಗಳಲ್ಲಿ ಅವರ ಕ್ರಿಯಾಪದ ವಾಕ್ಯದ ಕೊನೆಗೆ ಹೋಗಿ ಕೂಡುತ್ತದೆ, ಥೇಟ್ ನಮ್ಮ ಹಾಗೆ. ಇಂಗ್ಲಿಷ್ ಬಲ್ಲವರು ಅಲ್ಲಿ ತಡವರಿಸುತ್ತಾರೆ. ನನಗೆ ಅದು ತವರಿನ ಅಂಗಳದ ಹಾಗೆ ಅನಿಸಿತು.

ಹಾಗೆಯೇ ಜೋರಾಗಿ ತುಳಿದಷ್ಟೂ ಹೆಚ್ಚು ಕಲಿಯಬಹುದು ಅಂತ ತಿಳಿಯಬೇಡಿ. ಒಂದು ಪೂರ್ತಿ ವಾಕ್ಯವನ್ನು ಮಧ್ಯೆ ಉಸಿರು ಕಟ್ಟದೆ ಹೇಳಲು ಬರಬೇಕು. ಬರದಿದ್ದರೆ ಗುಂಡಿ ತಿರುಗಿಸಿ ಬಿಗಿ ಕಡಿಮೆ ಮಾಡಿ. ಸೀಟು ತಗ್ಗಾಗಿದ್ದರೆ ಮೊಣಕಾಲಿಗೆ ಭಾರ ಬೀಳುತ್ತದೆ; ಪೆಡಲು ತೀರ ಕೆಳಗಿರುವಾಗ ಮೊಣಕಾಲು ಸ್ವಲ್ಪವೇ ಮಡಚಿರುವಷ್ಟು ಎತ್ತರ ಇಟ್ಟುಕೊಳ್ಳಿ. ಹೃದಯದ, ಕೀಲಿನ ತೊಂದರೆ ಇದ್ದವರು ಡಾಕ್ಟರನ್ನು ಕೇಳಿಯೇ ಹತ್ತಬೇಕು.

ಹೋದ ತಿಂಗಳು ಮಿಷನ್ನಿನ ಹಳೆಯ ಮುದ್ರಿತ ವಾರ್ಷಿಕ ವರದಿಯ ಕೆಲವು ಪುಟಗಳು ನನ್ನ ಕೈಗೆ ಬಂದವು. ಹಳೆಯ ಗೋಥಿಕ್ ಅಚ್ಚು, ಮುಳ್ಳುಮುಳ್ಳಾದ ಅಕ್ಷರ. ಮೊದಲ ಅರ್ಧ ಗಂಟೆ ಊರಿನ ಹೆಸರು ಬಿಟ್ಟು ಏನೂ ಹತ್ತಲಿಲ್ಲ. ಕನ್ನಡಕ ಒರೆಸಿಕೊಂಡು ಮತ್ತೆ ಬೆರಳಿಟ್ಟು ಸಾಲು ಹಿಡಿದೆ. ಧಾರವಾಡ ಎಂಬ ಹೆಸರಿನಿಂದ ನಾಲ್ಕು ಪದ ಆಚೆಗೆ ಗುರುತಿನದೊಂದು ಕಂಡಿತು: ರೇಗೆನ್. ಮಳೆ. ಹೊರಗೆ ಅದೇ ಮಳೆ ಹಂಚಿನ ಮೇಲೆ ಬೀಳುತ್ತಿತ್ತು. ಮೇಜಿನ ಕೆಳಗೆ ನನ್ನ ಬಲಗಾಲು, ನಾನು ಹೇಳದೆಯೇ, ನೆಲವನ್ನು ಮೆಲ್ಲಗೆ ಒತ್ತಿತು. ಡೇರ್.